ಗೋಧಿ ಬೂಸಾದಲ್ಲಿ ಯೀಸ್ಟ್ ಬೆಳೆಸುವುದು: ಪುಣೆಯಲ್ಲಿ ನಾನು ಮಾಡುವ ಕ್ರಮ

ಪುಣೆಯ ಅಂಗಡಿಯಲ್ಲಿ ‘ಬೂಸಾ’ ಎಂದು ಕೇಳಿದರೆ ಹೊಟ್ಟನ್ನೋ ಮರದ ಪುಡಿಯನ್ನೋ ಕೊಟ್ಟಾರು. ಮರಾಠಿಯಲ್ಲಿ ‘ಗವ್ಹಾಚಾ ಕೋಂಡಾ’ ಎನ್ನಬೇಕು. ಅಗಲ ಚಕ್ಕೆಯದ್ದೇ ತನ್ನಿ. ನುಣ್ಣನೆಯದು ಬೆಂದ ಮೇಲೆ ಮುದ್ದೆಯಾಗುತ್ತದೆ, ಒಳಗೆ ಗಾಳಿಯಾಡುವುದಿಲ್ಲ.

1 ಕಿಲೋ ಬೂಸಾಕ್ಕೆ 50 ಗ್ರಾಂ ಬೆಲ್ಲ, 5 ಗ್ರಾಂ ಅಮೋನಿಯಂ ಸಲ್ಫೇಟ್, 850 ಮಿಲಿ ನೀರು. ಬೂಸಾದಲ್ಲಿ ಪಿಷ್ಟವಿದ್ದರೂ ಬೇಕರಿ ಯೀಸ್ಟ್‌ಗೆ ಅದನ್ನು ಒಡೆಯಲು ಬಾರದು, ಬೆಲ್ಲ ಅದಕ್ಕೇ. ಬೆಲ್ಲ ಅತಿಯಾದರೆ ಯೀಸ್ಟ್ ಬೆಳೆಯುವುದು ಬಿಟ್ಟು ಹೆಂಡ ಮಾಡುತ್ತ ಕೂರುತ್ತದೆ! ಸಿಟ್ರಿಕ್ ಆಮ್ಲ ಚೂರುಚೂರೇ ಹಾಕಿ ಪಿಎಚ್ (ಹುಳಿಯ ಅಳತೆ) 5ರ ಹತ್ತಿರ ತರುತ್ತೇನೆ.

ಪಾತ್ರೆಗೆ ಮುಚ್ಚಳ ಹಾಕಿ, ಕುಕ್ಕರಿನಲ್ಲಿ ಸೀಟಿಯಾದ ಮೇಲೆ ಸಣ್ಣ ಉರಿಯಲ್ಲಿ 40 ನಿಮಿಷ. ತಳದ ನೀರು ಅಷ್ಟು ಹೊತ್ತಿಗೆ ಸಾಕಾಗಬೇಕು. ಇಡ್ಲಿ ಪಾತ್ರೆಯ ಹಬೆ ಸಾಲದು: ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿಗೆ ಸಾಯುವುದಿಲ್ಲ, ಕುಕ್ಕರಿನ 120ರ ಹತ್ತಿರದ ಬಿಸಿ ಬೇಕು. ಮರುದಿನ ಬೂಸಾ ಲೋಳೆಯಾಗಿ ಎಳೆ ಬಂದು ಅಮೋನಿಯಾ ನಾತ ಹೊಡೆದರೆ ಇದೇ ಕಾರಣ.

32 ಡಿಗ್ರಿಗೆ ಆರಿದ ಮೇಲೆ, ಕುದಿಸಿ ಉಗುರುಬೆಚ್ಚಗಾಗಿಸಿದ 100 ಮಿಲಿ ನೀರಿನಲ್ಲಿ 15 ನಿಮಿಷ ನೆನೆಸಿದ 5 ಗ್ರಾಂ ಒಣ ಯೀಸ್ಟ್ ಬೆರೆಸಿ. ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು.

ಸ್ಟೀಲ್ ತಟ್ಟೆಯಲ್ಲಿ 3 ಸೆಂ.ಮೀ. ದಪ್ಪಕ್ಕೆ ಹರಡಿ ಒದ್ದೆ ಬಟ್ಟೆ ಮುಚ್ಚುತ್ತೇನೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಬೂಸಾದಲ್ಲಿ ಶಾಖ ಹರಿಯುವುದಿಲ್ಲ. ಕೋಣೆ 28 ಡಿಗ್ರಿ ಇದ್ದರೂ ದಪ್ಪ ರಾಶಿಯ ನಡುವೆ 40 ಮುಟ್ಟಬಹುದು, ಯೀಸ್ಟ್ ಸೊರಗುತ್ತದೆ. ಥರ್ಮಾಮೀಟರನ್ನು ನಡುವಿಗೇ ಚುಚ್ಚಿ. 34 ದಾಟಿದರೆ ಕೆದಕಿ, ಇಲ್ಲದಿದ್ದರೂ ಆರು ಗಂಟೆಗೊಮ್ಮೆ, ಸ್ಪಿರಿಟ್ ಒರೆಸಿದ ಚಮಚದಲ್ಲಿ. ಬೂಷ್ಟು ಬೆಳೆಸುವವರು ಎಳೆ ಹರಿದೀತೆಂದು ಕೆದಕಲು ಹೆದರುತ್ತಾರೆ. ಯೀಸ್ಟ್‌ಗೆ ಆ ಎಳೆಯೇ ಇಲ್ಲ, ಪಕ್ಕದ ಚಕ್ಕೆಗೆ ತಾನಾಗಿ ದಾಟಲಾರದು; ದಾಟಿಸುವುದು ನಮ್ಮ ಚಮಚ. ಡಿಸೆಂಬರಿನ ಚಳಿ ರಾತ್ರಿಗಳಲ್ಲಿ ಮಾತ್ರ ತಟ್ಟೆಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ.

ಸುಮಾರು 36 ಗಂಟೆಗೆ ಬ್ರೆಡ್ಡಿನ ಪರಿಮಳ ಬರುತ್ತದೆ. ತೆಳ್ಳಗೆ ಹರಡಿ, 40 ಡಿಗ್ರಿ ಮೀರದಂತೆ, ತೂಕ 1 ಕಿಲೋಗಿಂತ ಕೆಳಗಿಳಿಯುವವರೆಗೆ ಒಣಗಿಸಿ. ಇಲ್ಲಿನ ಜುಲೈನಲ್ಲಿ ಫ್ಯಾನ್ ನಂಬಬೇಡಿ, ಗಾಳಿಯೇ ಒದ್ದೆ; ಡ್ರೈಯರ್ ಬೇಕು. ಒಂದು ಚಮಚವನ್ನು ಬೆಚ್ಚಗಿನ ಬೆಲ್ಲದ ನೀರಿಗೆ ಹಾಕಿ: ನೊರೆ ಬಂದರೆ ಜೀವ ಉಳಿದಿದೆ. ಕಪ್ಪು, ಹಸಿರು ಚುಕ್ಕೆ ಕಂಡ ತಟ್ಟೆಯನ್ನು ಪೂರ್ತಿ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರಬಹುದು, ದನಕ್ಕೂ ಕೋಳಿಗೂ ಹಾಕುವಂತಿಲ್ಲ.