ಜಾವಾದಲ್ಲಿ ಒಂದೇ ಸ್ಟ್ರಿಂಗನ್ನು ಹಲವು ಸಲ ಜೋಡಿಸುವುದು

2018ರಲ್ಲಿ ಬಂದ ಜಾವಾ 11ರಲ್ಲಿ ಸ್ಟ್ರಿಂಗ್ (ಪಠ್ಯ) ಕ್ಲಾಸಿಗೇ ರಿಪೀಟ್ ಮೆಥಡ್ ಸೇರಿತು. ಈ ಕೆಲಸಕ್ಕೆ ಲೂಪ್ ಬರೆಯುವ ಅಗತ್ಯ ಅಂದಿಗೇ ತಪ್ಪಿತು. "=".ರಿಪೀಟ್(40) ಎಂದರೆ ನಲವತ್ತು ಸಮಚಿಹ್ನೆಗಳ ಗೆರೆ ಸಿದ್ಧ. ಸೊನ್ನೆ ಕೊಟ್ಟರೆ ಖಾಲಿ ಸ್ಟ್ರಿಂಗ್ ಸಿಗುತ್ತದೆ.

ಸ್ಟ್ರಿಂಗ್ ಒಮ್ಮೆ ಹುಟ್ಟಿದ ಮೇಲೆ ಬದಲಾಗುವುದಿಲ್ಲ. ಸಾಲು.ರಿಪೀಟ್(3) ಎಂದಷ್ಟೇ ಬರೆದರೆ ಸಾಲು ಎಂಬ ವೇರಿಯಬಲ್ ಇದ್ದ ಹಾಗೇ ಇರುತ್ತದೆ, ಎರರ್ ಕೂಡ ಬರುವುದಿಲ್ಲ. ಫಲಿತಾಂಶವನ್ನು ವೇರಿಯಬಲ್‌ಗೆ ಹಾಕಿಕೊಳ್ಳಿ. ಸಿಂಗಲ್ ಕೋಟ್ ಹಾಕಿದರೆ ಅದು ಸ್ಟ್ರಿಂಗ್ ಅಲ್ಲ, ಕ್ಯಾರ್ (ಒಂದೇ ಅಕ್ಷರದ ಬಗೆ), ಕಂಪೈಲೇ ಆಗದು.

ಹೆಚ್ಚು ಕಾಡುವುದು ಋಣ ಸಂಖ್ಯೆ. ಕಾಲಂ ಅಗಲ 20 ಎಂದಿಟ್ಟು, ಅದರಲ್ಲಿ ಹೆಸರಿನ ಉದ್ದ ಕಳೆದು, ಉಳಿದಷ್ಟು ಸ್ಪೇಸ್ ತುಂಬುತ್ತೀರಿ. ಪರೀಕ್ಷೆಯಲ್ಲಿ ಎಲ್ಲ ಸರಿ. 23 ಅಕ್ಷರದ ಹೆಸರೊಂದು ಬಂದಾಗ ಲೆಕ್ಕ -3 ಆಗಿ ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಶನ್ ಬೀಳುತ್ತದೆ. ಮ್ಯಾಥ್.ಮ್ಯಾಕ್ಸ್(0, 20 - ಉದ್ದ) ಎಂದು ಮೊದಲೇ ಬರೆದಿಡಿ. ಕನ್ನಡ ಪಠ್ಯವಾದರೆ ಇನ್ನೊಂದು ತೊಡಕಿದೆ: ‘ಕನ್ನಡ’ ಎಂಬುದರ ಲೆಂತ್ 5, ಏಕೆಂದರೆ ಕ, ನ, ಒತ್ತಕ್ಷರ ಮಾಡುವ ವಿರಾಮ (್), ನ, ಡ ಎಂದು ಎಣಿಕೆಯಾಗುತ್ತದೆ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಹಾಗಾಗಿ ಲೆಂತ್ ನಂಬಿ ಶೀರ್ಷಿಕೆಯ ಕೆಳಗೆ ಎಳೆದ ಗೆರೆ ಅಳತೆಗೆ ಕೂರುವುದಿಲ್ಲ.

ನಡುವೆ ಅಲ್ಪವಿರಾಮ ಬೇಕಿದ್ದರೆ ರಿಪೀಟ್ ಸರಿಯಾದ ಸಾಧನವಲ್ಲ. "?,".ರಿಪೀಟ್(4) ಕೊನೆಯಲ್ಲಿ ಒಂದು ಅಲ್ಪವಿರಾಮ ಉಳಿಸುತ್ತದೆ, ಎಸ್‌ಕ್ಯೂಎಲ್ ಕ್ವೆರಿ (ಡೇಟಾಬೇಸಿಗೆ ಕೊಡುವ ಆದೇಶ, ಅದರಲ್ಲಿ ? ಎಂದರೆ ಬೆಲೆ ತುಂಬುವ ಜಾಗ) ಅಲ್ಲೇ ಮುರಿಯುತ್ತದೆ. ಸ್ಟ್ರಿಂಗ್.ಜಾಯಿನ್(",", ಕಲೆಕ್ಷನ್ಸ್.ಎನ್‌ಕಾಪೀಸ್(4, "?")) ಬಳಸಿ. ಇದು ಜಾವಾ 8ರಲ್ಲೂ ನಡೆಯುತ್ತದೆ.

ಜಾವಾ 8ರಲ್ಲೇ ಇರಬೇಕಾದವರು ಲೂಪಿನೊಳಗೆ += ಮಾತ್ರ ಬರೆಯಬೇಡಿ. ಪ್ರತಿ ಸುತ್ತಿನಲ್ಲೂ ಅಲ್ಲಿಯವರೆಗಿನ ಪಠ್ಯವೆಲ್ಲ ಹೊಸ ಸ್ಟ್ರಿಂಗಿಗೆ ನಕಲಾಗುತ್ತದೆ. ಹತ್ತು ಅಕ್ಷರದ ಪಠ್ಯವನ್ನು 1,000 ಸಲ ಹೀಗೆ ಸೇರಿಸಿದರೆ ಸುಮಾರು 50 ಲಕ್ಷ ಅಕ್ಷರಗಳ ನಕಲು, ಬೇಕಾದದ್ದು 10,000 ಮಾತ್ರ. ಸ್ಟ್ರಿಂಗ್‌ಬಿಲ್ಡರ್ (ಬೆಳೆಸಬಲ್ಲ ಪಠ್ಯ) ತೆಗೆದುಕೊಂಡು, ಉದ್ದ × ಸಲ ಎಂಬ ಗಾತ್ರವನ್ನು ಕನ್‌ಸ್ಟ್ರಕ್ಟರ್‌ಗೇ ಕೊಟ್ಟು, ಅಪೆಂಡ್ ಮಾಡುತ್ತ ಹೋಗಿ. ಗಾತ್ರ ಕೊಡದಿದ್ದರೆ ಅದು 16ರಿಂದ ಶುರುವಾಗಿ ಮತ್ತೆ ಮತ್ತೆ ಹಿಗ್ಗಬೇಕಾಗುತ್ತದೆ.

ಜೆಡಿಕೆ (ಜಾವಾ ಕಂಪೈಲರ್ ಇರುವ ಸಾಧನಗಳ ಕಟ್ಟು) 11ರಲ್ಲಿ ಕಂಪೈಲ್ ಮಾಡಿ ಜಾವಾ 8ರಲ್ಲಿ ಓಡಿಸುವವರು ಸೋರ್ಸ್, ಟಾರ್ಗೆಟ್ ಆಯ್ಕೆಗಳನ್ನು 8 ಎಂದಿಟ್ಟರೂ ರಿಪೀಟ್ ಎರರ್ ಇಲ್ಲದೆ ಕಂಪೈಲ್ ಆಗಿಬಿಡುತ್ತದೆ. ಓಡುವಾಗ ನೋ ಸಚ್ ಮೆಥಡ್ ಎರರ್. ಅವುಗಳ ಬದಲು ರಿಲೀಸ್ 8 ಎಂದು ಕೊಟ್ಟರೆ ತಪ್ಪು ಕಂಪೈಲ್ ಹಂತದಲ್ಲೇ ಸಿಕ್ಕಿಬೀಳುತ್ತದೆ.