ಟ್ರೈಲರ್ ಎಳೆಯುವ ಟ್ರಕ್ಕು: ಮೊದಲು ಬಾಗಿಲಿನ ಹಳದಿ ಚೀಟಿ ಓದಿ

ಕಳೆದ ತಿಂಗಳು ಡೆನ್ವರಿನ ಪರಿಚಯದ ಹುಡುಗನೊಬ್ಬ ಹೊಸ ಟ್ರಕ್ಕಿನ ಚಿತ್ರ ಕಳುಹಿಸಿದ. ಬಾನೆಟ್ಟಿಗೆ ಅರಿಶಿನ ಕುಂಕುಮ, ಚಕ್ರದಡಿ ನಿಂಬೆಹಣ್ಣು, ಪಕ್ಕದಲ್ಲಿ ಕೈಮುಗಿದು ನಿಂತ ಹೆಂಡತಿ. ಕೆಳಗೆ ಒಂದು ಸಾಲು: "ಅಣ್ಣಾ, 11,000 ಪೌಂಡ್ ಎಳೆಯುತ್ತದಂತೆ. ಇನ್ನು ಟ್ರೈಲರ್ ಯಾವುದಾದರೂ ಆಗುತ್ತದಲ್ಲ?"

ಟ್ರೈಲರ್ ಎಂದರೆ ಇಲ್ಲಿ ಟ್ರಕ್ಕಿನ ಹಿಂದೆ ಕಟ್ಟಿ ಪ್ರವಾಸಕ್ಕೆ ಒಯ್ಯುವ ಚಕ್ರದ ಮನೆ. ಈ ವರ್ಷ ಇದು ಮೂರನೆಯ ಇಂಥ ಸಂದೇಶ. ಚಾಲಕನ ಬಾಗಿಲು ತೆರೆದು, ಕಂಬಕ್ಕೆ ಅಂಟಿಸಿರುವ ಹಳದಿ ಪಟ್ಟಿಯ ಬಿಳಿ ಚೀಟಿಯ ಚಿತ್ರ ಕಳುಹಿಸು ಎಂದೆ. ಅದು ಬರಲು ಎರಡು ದಿನ ಹಿಡಿಯಿತು. ಖರೀದಿಗೆ ಮುಂಚೆ ಯಾರೂ ಆ ಚೀಟಿಯನ್ನು ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ನೋಡದಿದ್ದಕ್ಕೆ ಏಳು ತಿಂಗಳಲ್ಲಿ ಒಂಬತ್ತು ಸಾವಿರ ಡಾಲರ್ ಕಳೆದುಕೊಂಡೆ.

ಟ್ರಕ್ಕಿನಲ್ಲಿ ಡೀಸೆಲ್, ಪೆಟ್ರೋಲ್, ಫೋರ್ ವ್ಹೀಲ್ ಡ್ರೈವ್ ಎಂದರೇನು ಎಂಬುದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ. ಕೊಳ್ಳುವ ಮೊದಲು ಮೂರು ವಾರ ಯೂಟ್ಯೂಬ್ ನೋಡಿರುತ್ತೀರಿ. ಅಲ್ಲಿ ಎಲ್ಲರೂ ಕಿರುಚಿ ಹೇಳುವ ಸಂಖ್ಯೆ ಒಂದೇ, ಎಳೆಯುವ ಸಾಮರ್ಥ್ಯ. ಆ ಸಂಖ್ಯೆ ಸುಳ್ಳಲ್ಲ. ಅದನ್ನು ಅಳೆಯಲು ಎಸ್‌ಎಇ ಜೆ2807 ಎಂಬ, ವಾಹನ ಎಂಜಿನಿಯರರ ಸಂಘದ ಮಾನದಂಡವೇ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು, ಅಂದರೆ 11.4 ಮೈಲಿಯ ಮರುಭೂಮಿಯ ದಾರಿಯನ್ನು, ಎಸಿ ಹಾಕಿಕೊಂಡೇ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಪರೀಕ್ಷೆ ಕಠಿಣವೇ. ಆದರೆ ಪರೀಕ್ಷೆಯ ಟ್ರಕ್ಕಿನೊಳಗೆ ಕುಳಿತವರ ಲೆಕ್ಕ ನೋಡಿ: ತಲಾ 150 ಪೌಂಡಿನ ಇಬ್ಬರು. ಮಕ್ಕಳಿಲ್ಲ, ಬೆಂಗಳೂರಿನಿಂದ ಬಂದ ಅಪ್ಪ ಅಮ್ಮ ಇಲ್ಲ, ಹಿಂದಿನ ತೊಟ್ಟಿಯಲ್ಲಿ ಸೌದೆ ಇಲ್ಲ, ಜನರೇಟರ್ ಇಲ್ಲ.

ನಮ್ಮ ಸಂಸಾರ ಹಾಗೆ ಪ್ರವಾಸ ಹೋಗುತ್ತದೆಯೇ?

ಎಳೆಯುವುದು ಒಂದು, ಹೊರುವುದು ಇನ್ನೊಂದು. ಇದು ನಮ್ಮಲ್ಲಿ ಎತ್ತಿನಗಾಡಿ ಹೂಡಿದವರಿಗೆಲ್ಲ ಗೊತ್ತಿದ್ದ ಮಾತು. ಮಂಡ್ಯದ ಕಡೆ ಕಬ್ಬು ತುಂಬುವಾಗ ನಮ್ಮ ಅಜ್ಜ ಗಾಡಿಯ ಸುತ್ತ ತಿರುಗಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಹಿಂಭಾರವಾದರೆ ಮೂಕಿ ಆಕಾಶ ನೋಡುತ್ತದೆ, ನೊಗ ಎತ್ತುಗಳ ಕುತ್ತಿಗೆಯನ್ನು ಮೇಲಕ್ಕೆಳೆಯುತ್ತದೆ. ಮುಂಭಾರವಾದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ. ಟ್ರೈಲರಿನದೂ ಇದೇ ಕಥೆ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಟ್ರಕ್ಕಿನ ಹಿಚ್ ಮೇಲೆ, ಅಂದರೆ ಟ್ರೈಲರ್ ಸಿಕ್ಕಿಸುವ ಕೊಂಡಿಯ ಮೇಲೆ, ಕೂರಬೇಕು. ಇಲ್ಲಿನವರು ಅದನ್ನು ಟಂಗ್ ವೇಟ್ ಎನ್ನುತ್ತಾರೆ, ನಾನು ಮೂಕಿ ಭಾರ ಎನ್ನುತ್ತೇನೆ. ಅದು ಹತ್ತಕ್ಕಿಂತ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೈಲರ್ ಹಾವಿನಂತೆ ಬಾಲ ಬೀಸತೊಡಗುತ್ತದೆ. ಆದ್ದರಿಂದ ಕಡಿಮೆ ಮಾಡುವಂತಿಲ್ಲ. ಅಷ್ಟೂ ಭಾರವನ್ನು ಎತ್ತುಗಳೇ, ಅಂದರೆ ಟ್ರಕ್ಕೇ, ಹೆಗಲ ಮೇಲೆ ಹೊರಬೇಕು.

ಹಳದಿ ಚೀಟಿ ಹೇಳುವುದು ಆ ಹೆಗಲಿನ ಶಕ್ತಿಯನ್ನು. ಕುಳಿತವರು ಮತ್ತು ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಮೂಕಿ ಭಾರವೂ ಈ ಲೆಕ್ಕದೊಳಗೇ ಬರುತ್ತದೆ, ಹಿಚ್ಚಿನ ಕಬ್ಬಿಣವೂ ಬರುತ್ತದೆ. ಇದೇ ಪೇಲೋಡ್.

ನನ್ನ ಮೊದಲ ಟ್ರಕ್ಕು ಹಾಫ್ ಟನ್, ಅಂದರೆ ಇಲ್ಲಿನ ದೊಡ್ಡ ಪಿಕಪ್ಪುಗಳಲ್ಲಿ ಹಗುರ ದರ್ಜೆಯದು. ಚರ್ಮದ ಆಸನ, ತಲೆಯ ಮೇಲೆ ಉದ್ದಕ್ಕೂ ಗಾಜಿನ ಚಾವಣಿ, ಬಾಗಿಲು ತೆರೆದರೆ ತಾನಾಗಿ ಇಳಿಯುವ ಮೆಟ್ಟಿಲು, ದೊಡ್ಡ ಚಕ್ರ. ಅಂಗಡಿಯವನು 11,200 ಪೌಂಡ್ ಎಂದ. ನಾನು ಕೊಂಡ ಟ್ರೈಲರಿನ ಮೇಲ್ಮಿತಿಯೇ 7,500. ಸಾವಿರಗಟ್ಟಲೆ ಉಳಿಕೆ ಇದೆ ಎಂದು ಬೀಗಿದೆ. ಆದರೆ ಆ ಗಾಜು, ಚರ್ಮ, ಮೆಟ್ಟಿಲಿನ ಮೋಟಾರು ಎಲ್ಲವೂ ಪೇಲೋಡಿನಿಂದಲೇ ಕಳೆದುಹೋಗುತ್ತವೆ. ಟ್ರಕ್ಕು ಐಷಾರಾಮಿಯಾದಷ್ಟೂ ಹೆಗಲು ಸಣ್ಣದು. ನನ್ನ ಬಾಗಿಲಿನ ಚೀಟಿಯಲ್ಲಿದ್ದುದು 1,190.

ಮೊದಲ ಪ್ರವಾಸಕ್ಕೆ ಊರಿನಿಂದ ಅಪ್ಪ ಅಮ್ಮ ಬಂದಿದ್ದರು. ಅಮ್ಮ ಟ್ರೈಲರಿನ ಮುಂಭಾಗದ ಡಿಕ್ಕಿಯಲ್ಲಿ 20 ಪೌಂಡಿನ ಸೋನಾ ಮಸೂರಿ ಚೀಲ, ಕುಕ್ಕರು, ಕೊನೆಗೆ ವೆಟ್ ಗ್ರೈಂಡರನ್ನೂ ಇಡಿಸಿದ್ದರು. ಕಾಡಿನಲ್ಲಿ ದೋಸೆ ಆಗಬೇಕಂತೆ. ಎರಡು ಗ್ಯಾಸ್ ಸಿಲಿಂಡರು, ಎರಡು ಬ್ಯಾಟರಿ ಕೂಡ ಕಾರ್ಖಾನೆಯ ತೂಕದ ಲೆಕ್ಕದಾಚೆ ಮೂಕಿಯ ಮೇಲೆಯೇ ಕೂತಿದ್ದವು. ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗದವರೆಗೆ ಹತ್ತಿದೆವು. 11,000 ಅಡಿಗೂ ಮೇಲಿನ ಜಾಗ ಅದು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಹೋಗಿರುತ್ತದೆ. ಆದರೂ ಹತ್ತಿದ್ದು ಕಷ್ಟವಾಗಲಿಲ್ಲ. ಎಂಜಿನ್ ಎಂದೂ ಮೋಸ ಮಾಡಲಿಲ್ಲ, ಅದೇ ನನ್ನನ್ನು ಮರುಳು ಮಾಡಿದ್ದು.

ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಇಳಿಯುವಾಗ ಸ್ಟೀರಿಂಗ್ ಹಗುರವಾಯಿತು. ಹಗುರ ಎಂದರೆ, ಬೆರಳಲ್ಲಿ ತಿರುಗಿಸಿದರೂ ಮುಂದಿನ ಚಕ್ರಗಳಿಗೆ ಕೇಳಿಸದ ಹಾಗೆ. ಹಿಂಭಾಗ ಕುಸಿದು ಮೂಗು ಮೇಲೆದ್ದಿತ್ತು. ಎದುರಿನವರು ದೀಪ ಮಿನುಗಿಸುತ್ತಿದ್ದರು, ನಮ್ಮ ಹೆಡ್‌ಲೈಟು ಅವರ ಕಣ್ಣಿಗೇ ಬಡಿಯುತ್ತಿತ್ತು. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಟ್ರೈಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಲಾಡಿತು. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಲೆಂದು ಮಾಡಿದ ಜಲ್ಲಿಯ ದಿಬ್ಬ ಬಲಕ್ಕೆ ಕಂಡಾಗ ಅಪ್ಪ ಕೇಳಿದರು, "ಅದು ನಮಗೂ ಆಗುತ್ತದೇನೋ?" ತಮಾಷೆಗೆ ಕೇಳಿದ್ದಲ್ಲ.

ಮರಳುವ ದಾರಿಯಲ್ಲಿ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಮೇಲೆ ಗಾಡಿ ಹತ್ತಿಸಿದೆ. ಲಾರಿಗಳು ತೂಕ ಹಾಕಿಸುವ ಅದೇ ಉದ್ದನೆಯ ತಕ್ಕಡಿ. ಹದಿನೈದು ಡಾಲರ್ ಆಸುಪಾಸಿನ ಖರ್ಚು. ಆ ಚೀಟಿ ಇಂದಿಗೂ ನನ್ನ ಗ್ಲೋವ್ ಬಾಕ್ಸಿನಲ್ಲಿದೆ:

ಮುಂದಿನ ಅಚ್ಚು 3,040. ಹಿಂದಿನ ಅಚ್ಚು 4,360. ಟ್ರೈಲರಿನ ಅಚ್ಚುಗಳು 5,980.

ಮೊದಲೆರಡು ಕೂಡಿದರೆ 7,400. ಟ್ರಕ್ಕಿನ ಒಟ್ಟು ಮಿತಿ 7,050. ಅಂದರೆ 350 ಪೌಂಡ್ ಹೆಚ್ಚು. ಹಿಂದಿನ ಅಚ್ಚಿನ ಮಿತಿ 4,100, ಅದನ್ನೂ 260ರಷ್ಟು ಮೀರಿದ್ದೆ. ಟ್ರೈಲರ್ ಕಳಚಿ ಟ್ರಕ್ಕನ್ನು ಮಾತ್ರ ತೂಗಿದೆ, 6,640 ಬಂತು. ವ್ಯತ್ಯಾಸದ 760 ಪೌಂಡ್ ಮೂಕಿ ಭಾರ ಮತ್ತು ಹಿಚ್ಚಿನದು. ಚೀಟಿಯ 1,190ಕ್ಕೆ ಮೀರಿದ 350 ಸೇರಿಸಿದರೆ ಟ್ರಕ್ಕು ಹೊತ್ತದ್ದು 1,540, ಅದರಲ್ಲಿ ಉಳಿದ 780 ನಾವು ಐವರು ಮತ್ತು ನಮ್ಮ ಗಂಟುಮೂಟೆ. ಟ್ರೈಲರಿನ ನಿಜವಾದ ತೂಕ 6,700 ಪೌಂಡಿನ ಆಸುಪಾಸು, ಜಾಹೀರಾತಿನ 11,200ರ ಹತ್ತಿರಕ್ಕೂ ಹೋಗಿರಲಿಲ್ಲ. ಆದರೂ ಹೆಗಲು ಮುರಿದಿತ್ತು.

ಹಾಗಾಗಿ ಲೆಕ್ಕವನ್ನು ತಲೆಕೆಳಗಾಗಿ ಮಾಡಿ. ಬಾಗಿಲಿನ ಚೀಟಿಯ ಅಂಕಿ ತೆಗೆದುಕೊಳ್ಳಿ. ಅದರಿಂದ ಮನೆಮಂದಿಯ ತೂಕ, ತೊಟ್ಟಿಯ ಸಾಮಾನು, ಹಿಚ್ಚಿಗೆ 100 ಪೌಂಡ್ ಕಳೆಯಿರಿ. ಮೂಕಿ ಭಾರ ನೂರಕ್ಕೆ 13 ಎಂದು ಹಿಡಿದು ಉಳಿದದ್ದನ್ನು 0.13ರಿಂದ ಭಾಗಿಸಿ, ಎಳೆಯಬಹುದಾದ ಟ್ರೈಲರಿನ ತೂಕ ಸಿಗುತ್ತದೆ. ನನ್ನ ಟ್ರಕ್ಕಿನಲ್ಲಿ 1,190ರಿಂದ 780 ಮತ್ತು 100 ಹೋದರೆ ಉಳಿಯುವುದು 310, ಭಾಗಿಸಿದರೆ 2,400 ಪೌಂಡಿಗೂ ಕಡಿಮೆ. 11,200 ಎಳೆಯುವ ಟ್ರಕ್ಕು ನಮ್ಮ ಮನೆಯ ಐವರನ್ನು ಕೂರಿಸಿಕೊಂಡರೆ ಪುಟ್ಟ ಗುಡಾರದ ಟ್ರೈಲರ್ ಎಳೆಯುವ ಟ್ರಕ್ಕು.

ಇಲ್ಲಿ ಟ್ರೈಲರಿನ ತೂಕ ಎಂದರೆ ಅಂಗಡಿಯಲ್ಲಿ ತೂಗುಹಾಕಿರುವ ಖಾಲಿ ತೂಕವಲ್ಲ. ಖಾಲಿ ಟ್ರೈಲರಿನಲ್ಲಿ ಯಾರೂ ಸಂಸಾರ ಮಾಡುವುದಿಲ್ಲ. ನೀರು ಒಂದು ಗ್ಯಾಲನ್ನಿಗೆ 8.3 ಪೌಂಡ್, 40 ಗ್ಯಾಲನ್ ತುಂಬಿದರೆ 330 ಪೌಂಡ್ ಮೀರಿತು. ಟ್ರೈಲರಿನ ಮೇಲೆ ಬರೆದಿರುವ ಗರಿಷ್ಠ ತೂಕವನ್ನೇ, ಅಂದರೆ ಜಿವಿಡಬ್ಲ್ಯುಆರ್ ಅನ್ನೇ, ಹಿಡಿಯಿರಿ. ಭಾರ ಹಂಚುವ ಹಿಚ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಮಾರಾಟಗಾರರು ಸಿಗುತ್ತಾರೆ. ಅದು ಬೇಕು, ನಿಜ. ಮುಂದಿನ ಚಕ್ರಕ್ಕೆ ಭಾರ ಮರಳಿಸುತ್ತದೆ, ಸ್ವಲ್ಪವನ್ನು ಟ್ರೈಲರಿನ ಅಚ್ಚಿಗೂ ತಳ್ಳುತ್ತದೆ. ಹಲವು ಹಾಫ್ ಟನ್ ಟ್ರಕ್ಕುಗಳ ಹಿಚ್ಚಿನ ಮೇಲೆ ಅದಿಲ್ಲದಿದ್ದರೆ 500 ಪೌಂಡ್ ಮೂಕಿ ಭಾರವಷ್ಟೇ ಎಂದು ಬರೆದಿರುತ್ತದೆ. ಆದರೆ ಪೇಲೋಡನ್ನು ಹೆಚ್ಚಿಸುವ ಹಿಚ್ ಇನ್ನೂ ಹುಟ್ಟಿಲ್ಲ. ಗಾಳಿ ತುಂಬುವ ಸ್ಪ್ರಿಂಗ್ ಚೀಲಗಳೂ ಅಷ್ಟೆ. ಹಿಂಭಾಗ ನೆಟ್ಟಗಾಗಿ ಕಾಣುತ್ತದೆ, ಅಚ್ಚು ಮತ್ತು ಬ್ರೇಕು ಹಳೆಯವೇ.

ಇನ್ನು ಯಾವ ಟ್ರಕ್ಕು? ಕಂಪನಿಯ ಹೆಸರು ಕೇಳಬೇಡಿ. ಒಂದೇ ಕಂಪನಿಯ ಒಂದೇ ಮಾದರಿಯಲ್ಲಿ ಅಕ್ಕಪಕ್ಕ ನಿಂತ ಎರಡು ಟ್ರಕ್ಕುಗಳ ಪೇಲೋಡಿನಲ್ಲಿ ಐನೂರು ಪೌಂಡ್ ವ್ಯತ್ಯಾಸ ಇರಬಹುದು. ನೀವು ಕೊಳ್ಳುವ ಆ ಟ್ರಕ್ಕಿನ ಬಾಗಿಲನ್ನೇ ತೆರೆಯಬೇಕು. ಗಂಡ ಹೆಂಡತಿ ಮತ್ತು 5,000 ಪೌಂಡಿನ ಒಳಗಿನ ಟ್ರೈಲರ್ ಆದರೆ ಬಟ್ಟೆಯ ಆಸನದ, ಸರಳ ದರ್ಜೆಯ ಹಾಫ್ ಟನ್ ಸಾಕು. ಮಕ್ಕಳು, ಅಜ್ಜ ಅಜ್ಜಿ, 7,000 ಪೌಂಡಿನ ಟ್ರೈಲರ್ ಎಂದರೆ ಅದರ ಮೇಲಿನ ದರ್ಜೆಯಾದ ತ್ರೀ ಕ್ವಾರ್ಟರ್ ಟನ್‌ಗೆ ಹೋಗಿ. ಅಲ್ಲೂ ಎಡವುವ ಜಾಗ ಒಂದಿದೆ. ಆ ವರ್ಗದ ಬಹಳಷ್ಟು ಟ್ರಕ್ಕುಗಳ ಒಟ್ಟು ಮಿತಿಯನ್ನು 10,000 ಪೌಂಡಿನಲ್ಲಿ ನಿಲ್ಲಿಸಿರುತ್ತಾರೆ. ಡೀಸೆಲ್ ಎಂಜಿನ್ ಸ್ವತಃ ಭಾರ, ಹಾಗಾಗಿ ಹತ್ತು ಸಾವಿರ ಡಾಲರ್ ಹೆಚ್ಚು ಕೊಟ್ಟು ಪೇಲೋಡ್ ಕಡಿಮೆ ಇರುವ ಟ್ರಕ್ಕು ತಂದವರನ್ನು ನೋಡಿದ್ದೇನೆ. ನಾನು ಈಗ ಓಡಿಸುವುದು ಪೆಟ್ರೋಲಿನದು, ಚೀಟಿಯಲ್ಲಿ 2,900 ಇದೆ. ಮೈಲೇಜ್ ಎಷ್ಟು ಎಂದು ಊರಿನವರು ಕೇಳಿದರೆ ಮಾತು ಬದಲಿಸುತ್ತೇನೆ.

ಟ್ರೈಲರಿನ ಬ್ರೇಕನ್ನು ಟ್ರಕ್ಕಿನೊಳಗಿಂದಲೇ ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ಕಾರ್ಖಾನೆಯಿಂದಲೇ ಬಂದಿರುವ ಟ್ರಕ್ಕನ್ನು ಆರಿಸಿ, ಡ್ಯಾಶ್‌ಬೋರ್ಡಿನಲ್ಲಿ ಅದರ ಗುಂಡಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಮುಟ್ಟುವಷ್ಟು ರೂಢಿ ಮಾಡಿಕೊಳ್ಳಿ. ಟ್ರೈಲರ್ ಓಲಾಡತೊಡಗಿದಾಗ ಟ್ರಕ್ಕಿನ ಬ್ರೇಕನ್ನು ತುಳಿಯಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಆ ಗುಂಡಿಯಿಂದ ಟ್ರೈಲರಿನ ಬ್ರೇಕನ್ನು ಮಾತ್ರ ಒತ್ತಬೇಕು. ಅದು ಹಿಂದಿನಿಂದ ಎಳೆದು ನೆಟ್ಟಗೆ ಮಾಡುತ್ತದೆ. ಇಳಿಜಾರಿಗೆ ನಮ್ಮ ಘಾಟಿ ಚಾಲಕರ ಮಾತೇ ಸಾಕು: ಹತ್ತಿದ ಗೇರಿನಲ್ಲೇ ಇಳಿ. ಕ್ಯಾಲಿಫೋರ್ನಿಯಾಕ್ಕೆ ಹೋದರೆ ಟ್ರೈಲರ್ ಎಳೆಯುವವರಿಗೆ ವೇಗಮಿತಿ ಗಂಟೆಗೆ 55 ಮೈಲಿ, ಪಕ್ಕದ ಕಾರುಗಳಿಗೆ ಎಷ್ಟೇ ಇರಲಿ.

ನನ್ನ ತಂಗಿಯ ಗಂಡ ಜರ್ಮನಿಯಲ್ಲಿದ್ದಾನೆ. ಸಾಧಾರಣ ಡೀಸೆಲ್ ಕಾರಿನಲ್ಲಿ ಟ್ರೈಲರ್ ಎಳೆಯುತ್ತಾನೆ, ನಮ್ಮ ರಾಕ್ಷಸ ಟ್ರಕ್ಕುಗಳನ್ನು ಕಂಡು ನಗುತ್ತಾನೆ. ಅವನಿಗೆ ಸಾಧ್ಯವಾಗುವುದಕ್ಕೆ ಕಾರಣಗಳಿವೆ. ಅಲ್ಲಿನ ಟ್ರೈಲರ್ ಹಗುರ, ಮೂಕಿ ಭಾರ ಸಾಮಾನ್ಯವಾಗಿ 100 ಕಿಲೋ ಮೀರುವುದಿಲ್ಲ, ವೇಗ ಗಂಟೆಗೆ 80 ಕಿಲೋಮೀಟರ್, ವಿಶೇಷ ಅನುಮತಿ ಇದ್ದರೆ 100. ವೇಗ ಕಡಿಮೆ ಇರುವುದರಿಂದ ಅಲ್ಲಿ ಕಡಿಮೆ ಮೂಕಿ ಭಾರವೂ ನಡೆಯುತ್ತದೆ. ಎಳೆಯಬಹುದಾದ ಭಾರ ಅಲ್ಲಿ ವಾಹನದ ನೋಂದಣಿ ಪತ್ರದಲ್ಲೇ ಅಚ್ಚಾಗಿರುತ್ತದೆ. ಇಲ್ಲಿ ಖಾಸಗಿ ಪ್ರವಾಸದ ಟ್ರೈಲರನ್ನು ನಿಲ್ಲಿಸಿ ತೂಗುವವರು ಅಪರೂಪ, ನಿಮ್ಮ ತಪ್ಪನ್ನು ಹಿಡಿಯುವುದು ಇಳಿಜಾರೇ. ಈ ವಿಷಯದಲ್ಲಿ ಜರ್ಮನಿಯ ಪದ್ಧತಿಯೇ ಮೇಲು ಎಂದು ನನ್ನ ಅಭಿಪ್ರಾಯ. ಆದರೆ ಪ್ರತಿ ಟ್ರಕ್ಕಿಗೂ ಅದರದೇ ತೂಕ ನೋಡಿ ಬಾಗಿಲಿಗೆ ಚೀಟಿ ಅಂಟಿಸುವ ಅಮೆರಿಕದ ಕ್ರಮಕ್ಕೂ ಕೈಮುಗಿಯುತ್ತೇನೆ. ಅದನ್ನು ಅಂಗಡಿಯವನು ಓದಿ ಹೇಳುವುದಿಲ್ಲ, ಅಷ್ಟೆ.

ಡೆನ್ವರಿನ ಹುಡುಗನ ಚೀಟಿಯಲ್ಲಿ 1,310 ಇತ್ತು. ಅವರಿಬ್ಬರು, ಜೂನಿನಲ್ಲಿ ಬರುವ ತಂದೆ ತಾಯಿ ಸೇರಿ 560. ಸಾಮಾನು 100, ಹಿಚ್ 100. ಉಳಿದ 550ನ್ನು ಭಾಗಿಸಿದರೆ 4,200. ಅವನು ಮುಂಗಡ ಕೊಡಲು ಹೊರಟಿದ್ದ ಟ್ರೈಲರಿನ ಮೇಲ್ಮಿತಿ 7,600. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಈಗ 4,000 ಪೌಂಡಿನದೊಂದನ್ನು ಮೊದಲು ಬಾಡಿಗೆಗೆ ತಂದು ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ಗೆ ಹೋಗಿಬರುತ್ತಾನಂತೆ. ಗ್ರೈಂಡರ್ ಬೇಡವೆಂದು ತಾಯಿಗೆ ಹೇಳುವ ಕೆಲಸವನ್ನು ಹೆಂಡತಿಗೆ ವಹಿಸಿದ್ದಾನೆ.