ಮೊನಾಶ್‌ನಲ್ಲಿ ವಾಣಿಜ್ಯ ಪದವಿ: ಕ್ಯಾಂಪಸ್ ಆರಿಸುವ ಮುನ್ನ ತಿಳಿಯಬೇಕಾದ ನಿಯಮಗಳು

ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ವಾಣಿಜ್ಯ ಮತ್ತು ಅರ್ಥಶಾಸ್ತ್ರ ನಿಕಾಯವು ಇಂದು ಮೊನಾಶ್ ಬಿಸಿನೆಸ್ ಸ್ಕೂಲ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ಮೆಲ್ಬರ್ನಿನಲ್ಲಿ ಇದರ ಮುಖ್ಯ ನೆಲೆಗಳು ಕ್ಲೇಟನ್ ಮತ್ತು ಕಾಲ್‌ಫೀಲ್ಡ್. ಇವಲ್ಲದೆ ವಿಶ್ವವಿದ್ಯಾಲಯವು ಕೌಲಾಲಂಪುರದ ಸಮೀಪದ ಬಂದರ್ ಸನ್‌ವೇಯಲ್ಲಿ 1998ರಲ್ಲಿ, ಜಕಾರ್ತಾ ಬಳಿಯ ಬಿಎಸ್‌ಡಿ ಸಿಟಿಯಲ್ಲಿ 2021ರಲ್ಲಿ ಕ್ಯಾಂಪಸ್ ತೆರೆಯಿತು. ಮಲೇಷ್ಯಾದಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳೆರಡೂ ಇವೆ. ಇಂಡೋನೇಷ್ಯಾದಲ್ಲಿರುವುದು ಸ್ನಾತಕೋತ್ತರ ಶಿಕ್ಷಣ. ಎಲ್ಲಿ ಓದಿದರೂ ಪದವಿ ಕೊಡುವುದು ಮೊನಾಶ್ ವಿಶ್ವವಿದ್ಯಾಲಯವೇ. ಹಾಗಿದ್ದ ಮೇಲೆ ಖರ್ಚು ಕಡಿಮೆಯಾಗುವ ಕಡೆ ಓದಿಸಿದರೆ ಆಗದೇ ಎಂದು ಅನೇಕ ತಂದೆತಾಯಿಗಳು ಕೇಳುತ್ತಾರೆ. ಪದವಿಯ ಮಟ್ಟಿಗೆ ಈ ಮಾತು ಸರಿ. ಆದರೆ ವೀಸಾ, ಓದಿನ ನಡುವೆ ದುಡಿಯುವ ಅನುಮತಿ, ಓದಿನ ನಂತರ ಉಳಿಯುವ ಅವಕಾಶ ಇವು ವಿಶ್ವವಿದ್ಯಾಲಯದ ಕೈಯಲ್ಲಿಲ್ಲ; ವಿದ್ಯಾರ್ಥಿ ಯಾವ ದೇಶದಲ್ಲಿ ಕುಳಿತು ಓದುತ್ತಾನೋ ಆ ದೇಶದ ಕಾನೂನು ಅವನ್ನು ನಿರ್ಧರಿಸುತ್ತದೆ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಓದು ಮುಗಿದ ಮೇಲೆ ಸಿಗುವ ತಾತ್ಕಾಲಿಕ ಪದವೀಧರ ವೀಸಾ, ಅಂದರೆ ಎಲ್ಲರೂ 485 ಎಂದು ಕರೆಯುವ ವೀಸಾ. ಇದಕ್ಕೆ ಅರ್ಹರಾಗಲು ಆಸ್ಟ್ರೇಲಿಯಾ ಸರ್ಕಾರದ ಕ್ರೈಕೋಸ್ ಪಟ್ಟಿಯಲ್ಲಿ, ಅಂದರೆ ವಿದೇಶಿ ವಿದ್ಯಾರ್ಥಿಗಳಿಗೆ ತೆರೆದಿರುವ ಸಂಸ್ಥೆ ಮತ್ತು ಕೋರ್ಸ್‌ಗಳ ಪಟ್ಟಿಯಲ್ಲಿ, ನೋಂದಾಯಿತವಾದ, ಕನಿಷ್ಠ 92 ವಾರಗಳ ವ್ಯಾಸಂಗವನ್ನು, ಆಸ್ಟ್ರೇಲಿಯಾದ ನೆಲದಲ್ಲೇ ಇದ್ದು, 16 ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಪೂರೈಸಿರಬೇಕು. ಸನ್‌ವೇಯಲ್ಲಿ ಮೂರು ವರ್ಷ ಓದಿ ಪದವಿ ಪಡೆದವರಿಗೆ, ಅವರ ಪ್ರಮಾಣಪತ್ರದ ಮೇಲೆ ಮೊನಾಶ್ ಹೆಸರೇ ಇದ್ದರೂ, ಆ ಓದಿನ ಆಧಾರದ ಮೇಲೆ ಈ ವೀಸಾ ದೊರೆಯುವುದಿಲ್ಲ. ಅಲ್ಲಿಂದ ಒಂದೆರಡು ಸೆಮಿಸ್ಟರ್‌ಗಳ ಮಟ್ಟಿಗೆ ಮೆಲ್ಬರ್ನಿಗೆ ಬಂದು ಓದುವ ಅಂತರ್‌ಕ್ಯಾಂಪಸ್ ವಿನಿಮಯ ಒಳ್ಳೆಯ ಅನುಭವ ಕೊಡುತ್ತದೆ, ನಿಜ. ಆದರೆ 92 ವಾರವೆಂದರೆ ಸುಮಾರು ನಾಲ್ಕು ಸೆಮಿಸ್ಟರ್ ಆದ್ದರಿಂದ ವಿನಿಮಯವೊಂದರಿಂದಲೇ ಆ ಲೆಕ್ಕ ತುಂಬದು. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಬೇಕೆಂಬುದೇ ಗುರಿಯಾಗಿದ್ದರೆ ಕನಿಷ್ಠ ಎರಡು ವರ್ಷ ಅಲ್ಲಿ ಉಳಿಯುವಂತೆ ಮೊದಲೇ ಯೋಜಿಸಿ ವರ್ಗಾವಣೆ ಪಡೆಯಬೇಕು, ಇಲ್ಲವೇ ಸ್ನಾತಕೋತ್ತರ ಪದವಿಯನ್ನು ಅಲ್ಲಿಯೇ ಮಾಡಬೇಕು. ಭಾರತದೊಂದಿಗಿನ ವ್ಯಾಪಾರ ಒಪ್ಪಂದದಿಂದಾಗಿ ನಮ್ಮ ದೇಶದ ಪಾಸ್‌ಪೋರ್ಟ್ ಇರುವವರಿಗೆ ಸ್ನಾತಕೋತ್ತರ ಪದವಿಯ ನಂತರ 3 ವರ್ಷದವರೆಗೆ, ವಾಣಿಜ್ಯದ ಸ್ನಾತಕ ಪದವಿಯ ನಂತರ 2 ವರ್ಷದವರೆಗೆ ಈ ವೀಸಾ ಸಿಗಬಹುದು. 2024ರ ಜುಲೈನಿಂದ ವಯೋಮಿತಿಯನ್ನು ಸಾಮಾನ್ಯವಾಗಿ 35ಕ್ಕೆ ಇಳಿಸಿರುವುದರಿಂದ, ಬೆಂಗಳೂರಿನಲ್ಲಿ ಹತ್ತಾರು ವರ್ಷ ದುಡಿದು ಎಂಬಿಎಗೆ ಹೊರಡುವವರು ಈ ಅಂಶವನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕು.

ಓದಿನ ನಡುವಿನ ದುಡಿಮೆಯಲ್ಲೂ ಇದೇ ಅಂತರ. ಆಸ್ಟ್ರೇಲಿಯಾದಲ್ಲಿ ತರಗತಿಗಳು ನಡೆಯುವ ಕಾಲದಲ್ಲಿ ಎರಡು ವಾರಕ್ಕೆ 48 ಗಂಟೆ ಕೆಲಸ ಮಾಡಬಹುದು. ಮಲೇಷ್ಯಾದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಏಳು ದಿನಕ್ಕಿಂತ ದೀರ್ಘ ರಜೆಯಲ್ಲಿ ಮಾತ್ರ, ಕೆಲವೇ ಬಗೆಯ ಕೆಲಸಗಳಿಗೆ, ಅನುಮತಿ ಪಡೆದ ಮೇಲೆ ಅವಕಾಶವಿದೆ. ಅಲ್ಲಿ ಜೀವನವೆಚ್ಚ ಕಡಿಮೆಯೆಂಬುದು ನಿಜವಾದರೂ, ಆ ವೆಚ್ಚವನ್ನು ದುಡಿದು ತುಂಬಿಕೊಳ್ಳುವ ಲೆಕ್ಕ ಹಾಕಬಾರದು.

ಮೆಲ್ಬರ್ನಿನಲ್ಲೇ ನೆಲೆಸಿರುವ ಕನ್ನಡಿಗರ ಮಕ್ಕಳ ವಿಷಯ ಬೇರೆ. ಶಾಶ್ವತ ನಿವಾಸಿಗಳ ಮಕ್ಕಳೂ ಸರ್ಕಾರದ ಸಹಾಯಧನವಿರುವ ಸೀಟಿಗೆ ಅರ್ಹರು. ಆದರೆ ಶುಲ್ಕ ಕಟ್ಟಲು ಸರ್ಕಾರ ಕೊಡುವ ಹೆಕ್ಸ್ ಎಂಬ ಸಾಲ ಬಹುತೇಕ ಪೌರರಿಗೆ ಮೀಸಲು. ಶಾಶ್ವತ ನಿವಾಸಿಗಳಲ್ಲಿ ಹೆಚ್ಚಿನವರು ಆಯಾ ಸೆಮಿಸ್ಟರಿನ ಶುಲ್ಕದಲ್ಲಿ ತಮ್ಮ ಪಾಲನ್ನು ಮುಂಗಡವಾಗಿ ಕೈಯಿಂದಲೇ ಕಟ್ಟಬೇಕಾಗುತ್ತದೆ. ವಾಣಿಜ್ಯ ಮತ್ತು ನಿರ್ವಹಣೆಯ ವಿಷಯಗಳನ್ನು 2021ರಲ್ಲಿ ಅತ್ಯಂತ ಹೆಚ್ಚಿನ ಶುಲ್ಕದ ವರ್ಗಕ್ಕೆ ಸೇರಿಸಿ ವರ್ಷಕ್ಕೆ 14,500 ಡಾಲರ್ ಎಂದು ನಿಗದಿಪಡಿಸಲಾಯಿತು. ಅದು ಬೆಲೆಯೇರಿಕೆಗೆ ತಕ್ಕಂತೆ ಏರುತ್ತಲೇ ಇದೆ. ಪೌರತ್ವಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷದ ವಾಸ, ಅದರಲ್ಲಿ ಕೊನೆಯ ಒಂದು ವರ್ಷ ಶಾಶ್ವತ ನಿವಾಸಿಯಾಗಿರುವುದು ಅಗತ್ಯ. ಭಾರತದ ಪೌರತ್ವ ಬಿಡುವುದು ಸಣ್ಣ ನಿರ್ಧಾರವಲ್ಲ. ಅದನ್ನು ಮಕ್ಕಳು ಹನ್ನೆರಡನೇ ತರಗತಿಗೆ ಬರುವ ಮೊದಲೇ ಮನೆಯವರೆಲ್ಲ ಕೂಡಿ ಮಾತಾಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ತರಗತಿಯೊಳಗಿನ ವ್ಯವಸ್ಥೆ. ಪ್ರತಿ ಯೂನಿಟ್‌ಗೆ, ಅಂದರೆ ಒಂದು ಸೆಮಿಸ್ಟರಿನ ವಿಷಯಕ್ಕೆ, 6 ಕ್ರೆಡಿಟ್, ಪೂರ್ಣಾವಧಿಯ ಸೆಮಿಸ್ಟರಿಗೆ ನಾಲ್ಕು ಯೂನಿಟ್, ಮೂರು ವರ್ಷದ ಪದವಿಗೆ ಒಟ್ಟು 144. ಒಂದು ಯೂನಿಟ್‌ನಲ್ಲಿ ಉತ್ತೀರ್ಣರಾಗಲು ನೂರಕ್ಕೆ 50 ಅಂಕ ಸಾಕು. 80 ದಾಟಿದರೆ ಅತ್ಯುನ್ನತ ಶ್ರೇಣಿ. ತೊಂಬತ್ತರ ಮೇಲೆ ಪಡೆದು ರೂಢಿಯಾದ ನಮ್ಮ ಪಿಯುಸಿ ವಿದ್ಯಾರ್ಥಿಗಳು ಮೊದಲ ಸಲ 68 ಕಂಡು ಕುಗ್ಗಬೇಕಾಗಿಲ್ಲ, ಅದು ಗೌರವದ ಅಂಕವೇ. ಮೊದಲ ವರ್ಷದ ಯೂನಿಟ್‌ಗಳಿಗೆ ಒಟ್ಟು ಸರಾಸರಿಯಲ್ಲಿ ಅರ್ಧ ತೂಕ ಮಾತ್ರ ಇರುವುದರಿಂದ ಹೊಂದಿಕೊಳ್ಳಲು ಕಾಲಾವಕಾಶವೂ ಇದೆ. ಮರೆಯಬಾರದ್ದು ಸೆನ್ಸಸ್ ದಿನ, ಮುಖ್ಯ ಸೆಮಿಸ್ಟರ್‌ಗಳಿಗೆ ಸಾಮಾನ್ಯವಾಗಿ ಮಾರ್ಚ್ 31 ಮತ್ತು ಆಗಸ್ಟ್ 31: ಒಂದು ಯೂನಿಟ್ ಕಷ್ಟವೆನಿಸಿದರೆ ಆ ದಿನದೊಳಗೆ ಬಿಡಬೇಕು, ಆಮೇಲೆ ಬಿಟ್ಟರೂ ಅದರ ಶುಲ್ಕ ತಪ್ಪದು. ಆದರೆ ವೀಸಾದ ಮೇಲಿರುವವರು ಯೂನಿಟ್ ಬಿಡುವ ಮೊದಲು ವಿಶ್ವವಿದ್ಯಾಲಯದ ಸಲಹಾ ಕಚೇರಿಯಲ್ಲಿ ವಿಚಾರಿಸಲೇಬೇಕು, ಏಕೆಂದರೆ ನಿಗದಿತ ಅವಧಿಯೊಳಗೆ ಕೋರ್ಸ್ ಮುಗಿಸುವ ಹೊಣೆ ಅವರ ಮೇಲಿದೆ.

ಪ್ರವೇಶಪತ್ರ ಕೈಸೇರಿದಾಗ ಶುಲ್ಕದ ಅಂಕಿಗಿಂತ ಮೊದಲು ಅದರಲ್ಲಿ ಬರೆದಿರುವ ಕ್ಯಾಂಪಸ್ಸಿನ ಹೆಸರನ್ನೂ ಕೋರ್ಸಿನ ಕ್ರೈಕೋಸ್ ಸಂಖ್ಯೆಯನ್ನೂ ನೋಡಿ. ಮೊನಾಶ್ ಸಂಸ್ಥೆಯ ಸಂಖ್ಯೆ 00008ಸಿ. ಕೋರ್ಸಿಗೆ ಬೇರೆಯೇ ಸಂಖ್ಯೆ ಇರುತ್ತದೆ. ಸರ್ಕಾರದ ಜಾಲತಾಣದಲ್ಲಿ ಆ ಸಂಖ್ಯೆ ಕೊಟ್ಟು ಯಾರ ನೆರವೂ ಇಲ್ಲದೆ ಉಚಿತವಾಗಿ ಪರಿಶೀಲಿಸಬಹುದು. ಸಂಖ್ಯೆಯೇ ಇಲ್ಲದಿದ್ದರೆ, ಏಜೆಂಟ್ ಏನೇ ಭರವಸೆ ಕೊಟ್ಟಿದ್ದರೂ, 485 ವೀಸಾದ ಲೆಕ್ಕಕ್ಕೆ ಆ ಕೋರ್ಸ್ ಸೇರುತ್ತದೆಯೇ ಎಂಬುದಕ್ಕೆ ಪ್ರವೇಶ ಕಚೇರಿಯಿಂದ ಲಿಖಿತ ಉತ್ತರ ಪಡೆದ ಮೇಲಷ್ಟೇ ಹಣ ಕಟ್ಟಿ.